ಮೊದಲ ಮೆಟ್ಟಿಲು ಉಳಿದೀತೆ?

ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ನೆಲಸಿರುವ ನಮ್ಮ ಕನ್ನಡ ಸಂಸಾರಗಳಲ್ಲಿ ಮಗನೋ ಮಗಳೋ ಸೊಸೆಯೋ ಸಾಫ್ಟ್‌ವೇರ್ ನೌಕರಿಯಲ್ಲಿರುವ ಮನೆಗಳು ಅನೇಕ. ಈಚೆಗೆ ಆ ಮನೆಗಳಲ್ಲೆಲ್ಲ ಒಂದೇ ಚಿಂತೆ: ಕೋಡ್ ಬರೆಯುವ ಯಂತ್ರವೇ ಬಂದ ಮೇಲೆ ಬರೆಯುವವರ ಗತಿಯೇನು?

ಈ ಪ್ರಶ್ನೆ ತೀರ ಹೊಸದಲ್ಲ. 1957ರಲ್ಲಿ ಐಬಿಎಂ ಕಂಪೆನಿಯವರು ಫೋರ್ಟ್ರಾನ್ ಭಾಷೆಯನ್ನು ಹೊರತಂದಾಗ, ಅದುವರೆಗೆ ಯಂತ್ರದ ಸಂಕೇತಗಳಲ್ಲಿ ಕೈಯಿಂದಲೇ ಬರೆಯುತ್ತಿದ್ದ ಕೆಲಸದ ಬಹುಭಾಗವನ್ನು ಕಂಪ್ಯೂಟರೇ ವಹಿಸಿಕೊಂಡಿತು. ಆದರೂ ಪ್ರೋಗ್ರಾಂ ಬರೆಯುವವರು ಕಡಮೆಯಾಗಲಿಲ್ಲ. ಬರೆಯುವುದು ಸುಲಭವಾದಂತೆ ಬರೆಸುವವರೂ ಹೆಚ್ಚಿದರು.

ಅದನ್ನೇ ನೆನೆದು ನಾವು ನಿಶ್ಚಿಂತರಾಗಿರುವಂತಿಲ್ಲ. 2022ರಲ್ಲಿ ಗಿಟ್‌ಹಬ್ ಕೋಪೈಲಟ್ ಎಲ್ಲರ ಬಳಕೆಗೂ ಬಂದಿತು. ಆಮೇಲೆ ಬಂದ ಎಐ ಸಾಧನಗಳಿಗೆ ಬೇಕಾದುದನ್ನು ಆಡುಮಾತಿನಲ್ಲಿ ಹೇಳಿದರೂ ಸಾಕು. ಕೋಡ್ ಬರೆದು, ಪರೀಕ್ಷಿಸಿ, ತಿದ್ದಿಯೂ ಕೊಡುತ್ತವೆ. ತಮ್ಮಲ್ಲಿ ಹೊಸ ಕೋಡಿನ ಕಾಲುಭಾಗಕ್ಕೂ ಹೆಚ್ಚನ್ನು ಎಐ ಬರೆಯುತ್ತಿದೆ, ಇಂಜಿನಿಯರರು ಅದನ್ನು ನೋಡಿ ಒಪ್ಪುತ್ತಾರೆ ಎಂದು ಗೂಗಲ್‌ನ ಮುಖ್ಯಸ್ಥ ಸುಂದರ್ ಪಿಚೈ 2024ರ ಅಕ್ಟೋಬರಿನಲ್ಲಿ ತಿಳಿಸಿದರು.

ಈ ‘ನೋಡಿ ಒಪ್ಪುವ’ ಕೆಲಸ ಹಗುರವಾದುದಲ್ಲ. 2025ರಲ್ಲಿ ಅಮೆರಿಕದ ಮೆಟರ್ ಸಂಸ್ಥೆ 16 ಮಂದಿ ಅನುಭವಸ್ಥರನ್ನು ಪರೀಕ್ಷಿಸಿತು. ಆಗಿನ ಎಐ ಸಾಧನಗಳನ್ನು ಬಳಸಿದಾಗ ಅವರಿಗೆ ಶೇಕಡ 19ರಷ್ಟು ಹೆಚ್ಚು ಕಾಲ ಹಿಡಿಯಿತು. ಅವರೋ, ಬೇಗನೆ ಮುಗಿಸಿದೆವೆಂದೇ ನಂಬಿದ್ದರು! ಯಂತ್ರ ಬರೆದುದನ್ನು ಓದಿ ತಿದ್ದುವುದಕ್ಕೂ ಕಾಲ ಬೇಕು, ಅನುಭವವೂ ಬೇಕು.

ಆ ಅನುಭವ ಬರುವುದೆಲ್ಲಿಂದ? ನಿಜವಾದ ಕಷ್ಟ ಇಲ್ಲಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಮೆರಿಕದಲ್ಲಿ 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ನೌಕರರ ಸಂಖ್ಯೆ 2022ರ ಕೊನೆಗಿದ್ದುದಕ್ಕಿಂತ ಸುಮಾರು ಶೇಕಡ 20ರಷ್ಟು ಇಳಿದಿದೆ. ಹಿರಿಯರ ಸಂಖ್ಯೆ ಹಾಗೆ ಇಳಿದಿಲ್ಲ. ಇದಕ್ಕೆ ಎಐ ಒಂದೇ ಕಾರಣವೆನ್ನಲಾಗದು. ಬಡ್ಡಿಯ ದರ ಏರಿದುದನ್ನೂ, ಕೋವಿಡ್ ಕಾಲದಲ್ಲಿ ಅತಿಯಾಗಿ ನೇಮಿಸಿಕೊಂಡುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಹೊಸಬರು ಮಾಡಿ ಕಲಿಯುತ್ತಿದ್ದ ಚಿಕ್ಕಪುಟ್ಟ ಕೆಲಸಗಳನ್ನೇ ಯಂತ್ರ ಮೊದಲು ಕೈಗೆತ್ತಿಕೊಂಡಿದೆಯೆಂಬುದು ಸ್ಪಷ್ಟ.

ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯಲು ಸೇರಿದ ಹುಡುಗರು, ಕನ್ನಡ ರಾತ್ರಿಶಾಲೆಯಲ್ಲಿ ಓದಿಕೊಂಡು ಮೇಲೇರಿದ ಕಥೆ ನಮ್ಮವರಿಗೆ ಗೊತ್ತೇ ಇದೆ. ಆ ಮೊದಲ ಮೆಟ್ಟಿಲೇ ಇಲ್ಲದಿದ್ದರೆ ಅವರು ಏರುತ್ತಿದ್ದುದಾದರೂ ಹೇಗೆ? ಹೊಸಬರನ್ನು ಸೇರಿಸಿಕೊಳ್ಳದ ಕಂಪೆನಿಗೆ ಹತ್ತು ವರ್ಷಗಳ ಮೇಲೆ ಅನುಭವಸ್ಥರು ಸಿಗುವುದೂ ದುರ್ಲಭವೇ.

ತಂದೆತಾಯಂದಿರು ಮಕ್ಕಳನ್ನು ಹೆದರಿಸಬಾರದು. ಮೂರು ತಿಂಗಳಲ್ಲಿ ಎಐ ಪಂಡಿತರನ್ನಾಗಿ ಮಾಡುವೆವೆಂಬ ಜಾಹೀರಾತಿಗೆ ದುಡ್ಡು ಸುರಿಯಲೂಬಾರದು. ಕಲಿಯುವವರು ಮೊದಲು ತಾವೇ ಬರೆದು, ಆಮೇಲೆ ಯಂತ್ರವನ್ನು ಕೇಳಲಿ. ಅದು ಕೊಟ್ಟ ಪ್ರತಿ ಸಾಲಿನ ಅರ್ಥವನ್ನು ವಿವರಿಸಲು ಬಾರದಿದ್ದರೆ ಅದನ್ನು ಒಪ್ಪದಿರಲಿ. ಬ್ಯಾಂಕೋ ಆಸ್ಪತ್ರೆಯೋ, ಯಾರಿಗಾಗಿ ಬರೆಯುತ್ತಾರೋ ಅವರ ವ್ಯವಹಾರವನ್ನೂ ಅರಿಯಲಿ.

ಇನ್ನು ನಮ್ಮ ಸಂಘಗಳಲ್ಲಿರುವ ಹಿರಿಯ ಇಂಜಿನಿಯರರು ಭಾನುವಾರ ಒಂದು ಗಂಟೆ ಹೊಸಬರೊಡನೆ ಕುಳಿತು ಅವರ ಕೆಲಸ ನೋಡಿ ತಿದ್ದಬಾರದೆ? ರಾತ್ರಿಶಾಲೆ ನಡೆಸಿದ ಜನರಿಗೆ ಇದೇನು ಅಸಾಧ್ಯವಲ್ಲ.