ಕಠಿಣ ಪಾತ್ರವು ಸುಲಭವಾಗುವ ಬಗೆ

ಪ್ರಶ್ನೆ: ಆನ್‌ಲೈನ್ ಆಟಗಳಲ್ಲಿ ಆಡಲು ಬಲು ಕಷ್ಟವೆನಿಸಿದ ಪಾತ್ರವರ್ಗಗಳನ್ನು ತಯಾರಕರು ಹೇಗೆ ಸರಳಗೊಳಿಸುತ್ತಾರೆ? (ಓದುಗರೊಬ್ಬರು, ಎಗ್ಮೋರ್, ಚೆನ್ನೈ)

ಪಾತ್ರವೊಂದು ಕಠಿಣವೆನಿಸಲು ಮುಖ್ಯ ಕಾರಣ ಅದರ ಶಕ್ತಿಗಳ ಅನುಕ್ರಮ. ಪ್ರಯೋಗಿಸಿದ ಮಂತ್ರವೊಂದು ಕೆಲವು ಕ್ಷಣ ನಿಷ್ಕ್ರಿಯವಾಗಿ, ಅಷ್ಟರೊಳಗೆ ಮತ್ತೊಂದರ ಬಲವು ಕ್ಷೀಣಿಸುತ್ತ, ಮೂರನೆಯದಕ್ಕೆ ಬೇಕಾದ ಚೈತನ್ಯವು ಸಂಚಯವಾಗುತ್ತ ಇರುವಲ್ಲಿ, ಇವೆಲ್ಲವನ್ನೂ ಏಕಕಾಲದಲ್ಲಿ ಗಣಿಸುತ್ತ ಎದುರಾಳಿಯ ಮೇಲೂ ಕಣ್ಣಿಟ್ಟಿರುವುದು ಸಾಮಾನ್ಯರಿಗೆ ದುಸ್ಸಾಧ್ಯವೇ ಸರಿ. ದೊಡ್ಡ ರೈಲು ನಿಲ್ದಾಣವಿರುವ ಎಗ್ಮೋರಿನವರಾದ ನಿಮಗೆ ರೈಲಿನ ದೃಷ್ಟಾಂತವೇ ಒಪ್ಪೀತು: ಹಿಂದೆ ಸಿಗ್ನಲ್ ಕ್ಯಾಬಿನ್ನಿನಾತನು ಪ್ರತಿಯೊಂದು ಹಳಿಗವಲಿಗೂ ಸಿಗ್ನಲ್ಲಿಗೂ ಬೇರೆ ಬೇರೆ ಸನ್ನೆಕೋಲನ್ನು ಕ್ರಮ ತಪ್ಪದೆ ಎಳೆಯಬೇಕಾಗಿತ್ತು, ಈಗ ಬಂಡಿಯು ಹೊಗುವ ಮತ್ತು ಸೇರುವ ಸ್ಥಳಗಳ ಗುಂಡಿಗಳನ್ನೊತ್ತಿದರೆ ನಡುವಣ ಹಳಿಗಳೆಲ್ಲ ತಾವಾಗಿಯೇ ಕೂಡಿಕೊಳ್ಳುತ್ತವೆ. ಆಟದ ತಯಾರಕರೂ ಅಂತೆಯೇ ಎರಡು ಮೂರು ಶಕ್ತಿಗಳನ್ನು ಒಂದೇ ಗುಂಡಿಗೆ ಬೆಸೆಯುತ್ತಾರೆ. ಕೆಲವನ್ನು ತಾವೇ ತಾವಾಗಿ ನಡೆಯುವಂತೆ ಮಾಡುತ್ತಾರೆ. 2004ರಲ್ಲಿ ಆರಂಭವಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟವಂತೂ 2025ರಲ್ಲಿ ಇನ್ನೂ ಮುಂದೆ ಹೋಗಿ, ಆಟಗಾರನು ಒಂದೇ ಗುಂಡಿಯನ್ನು ಒತ್ತುತ್ತಿದ್ದರೆ ಮುಂದಿನ ಪ್ರಯೋಗವನ್ನು ಗಣಕವೇ ಆರಿಸಿಕೊಡುವ ವ್ಯವಸ್ಥೆಯನ್ನು ತಂದಿತು. ಆದರೆ ಆ ಸೌಕರ್ಯಕ್ಕೆ ಪ್ರತಿಯಾಗಿ ಪ್ರತಿ ಪ್ರಯೋಗಕ್ಕೂ ಅಲ್ಪ ವಿಳಂಬವನ್ನು ದಂಡವಾಗಿ ವಿಧಿಸಿತು. ಅಭ್ಯಾಸದಿಂದ ಕೈ ಪಳಗಿಸಿಕೊಂಡವನ ಶ್ರಮವು ವ್ಯರ್ಥವಾಗಬಾರದಷ್ಟೆ. ನನಗಂತೂ ಇದು ನ್ಯಾಯವೆಂದೇ ತೋರುತ್ತದೆ.