ಕಣ್ಣಿಗೆ ಕಾಣದ ಬೆಳಕು



ಕಾಮನಬಿಲ್ಲಿನ ಒಂದು ಅಂಚಿಗೆ ಕೆಂಪು, ಇನ್ನೊಂದು ಅಂಚಿಗೆ ನೇರಳೆ ಇರುವುದನ್ನು ತಾವೆಲ್ಲರೂ ಕಂಡಿದ್ದೀರಿ. ಬಿಸಿಲಿನಲ್ಲಿರುವುದು ಇಷ್ಟೇ ಎಂದು ತಿಳಿಯಬಾರದು. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಮೂರು ಮೂಲೆಯ ಗಾಜಿನಿಂದ ಬಿಸಿಲಿನ ಬಣ್ಣಗಳನ್ನು ಬಿಡಿಸಿ, ಕೆಂಪಿನ ಆಚೆ, ಏನೂ ಕಾಣದ ಕಡೆ ಉಷ್ಣಮಾಪಕವನ್ನು ಇಟ್ಟು ನೋಡಿದನು. ಕಾವು ಏರಿತು! ಮರುವರ್ಷ ಜರ್ಮನಿಯ ರಿಟ್ಟರ್ ಎಂಬವನು ನೇರಳೆಯ ಆಚೆಯೂ ಕಾಣದ ಕಿರಣಗಳಿವೆಯೆಂದು ತೋರಿಸಿದನು. ಮೊದಲಿನವು ಅವಕೆಂಪು ಕಿರಣ, ಎರಡನೆಯವು ನೇರಳಾತೀತ ಕಿರಣ.

ಇವೆಲ್ಲ ಒಂದೇ ಮನೆತನದ ಅಲೆಗಳು. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವುದು ಎಲ್ಲಕ್ಕೂ ಸಮಾನ. ಒಂದು ಅಲೆಯಿಂದ ಮುಂದಿನ ಅಲೆಗಿರುವ ಅಂತರ ಮಾತ್ರ ಬೇರೆ. ಹೊಸಪೇಟೆ ಆಕಾಶವಾಣಿಯ ಎಫ್.ಎಂ. ಅಲೆ ಸುಮಾರು 3 ಮೀಟರ್ ಉದ್ದ. ಹಸಿರು ಬೆಳಕಿನದಾದರೋ, ಒಂದು ಮಿಲಿಮೀಟರಿನಲ್ಲಿ ಹೆಚ್ಚುಕಡಿಮೆ 2000 ಅಲೆಗಳು! ದವಾಖಾನೆಯ ಎಕ್ಸ್-ರೇ ಇನ್ನೂ ಗಿಡ್ಡ. ಅಲೆ ಗಿಡ್ಡವಾದಷ್ಟೂ ಅದರ ಪೆಟ್ಟು ಬಲ.

ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಅವಕೆಂಪಿನದೇ. ಯಲಬುರ್ಗಾ, ಕುಷ್ಟಗಿ ಕಡೆಯವರು ಕಡಲೆ, ಹೆಸರು, ತೊಗರಿಯನ್ನು ಹುಳದಿಂದ ಉಳಿಸಲು ಇದನ್ನು ಬಳಸಬಹುದು. ಗೋಣಿತಟ್ಟಿನ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ, ಚೆನ್ನಾಗಿ ಒಣಗಿದ ಕಾಳನ್ನು ತೆಳ್ಳಗೆ ಹರವಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ ಅಂಚಿಗೆ ಕಲ್ಲಿಡಿ. ಬೆಳಕು ಒಳಗೆ ಹೋಗುತ್ತದೆ, ಕಪ್ಪು ಹಾಳೆ ಅದನ್ನು ಹೀರಿ ಕಾಯುತ್ತದೆ, ಬಿಸಿಗಾಳಿ ಹೊರಗೆ ಹೋಗದು. 57 ಡಿಗ್ರಿ ಸೆಲ್ಸಿಯಸ್ ಕಾವು ಒಂದು ತಾಸು ನಿಂತರೆ ಕಾಳಿನೊಳಗಿನ ಮರಿಹುಳುವೂ ಸಾಯುತ್ತದೆ. ಬಿತ್ತನೆ ಬೀಜವಾದರೆ ಮೊದಲು ಒಂದು ಹಿಡಿಯಷ್ಟಕ್ಕೆ ಮಾಡಿ ಮೊಳಕೆ ನೋಡಿಕೊಳ್ಳಿ.

ನೇರಳಾತೀತ ನಮಗೆ ಕಾಣದು, ಆದರೆ ಅನೇಕ ಕೀಟಗಳಿಗೆ ಕಾಣುತ್ತದೆ. ಕೆಂಪು ಅವಕ್ಕೆ ಅಷ್ಟಾಗಿ ಕಾಣದು. ಆದ್ದರಿಂದಲೇ ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಕಾಂಡಕೊರಕದ ಪತಂಗ, ಕಂದು ಜಿಗಿಹುಳು ಹಿಡಿಯಲು ದೀಪದ ಬಲೆ ಇಡುವವರು ನೇರಳಾತೀತ ಬೀರುವ ದೀಪವನ್ನು ಆರಿಸಿದರೆ ಹೆಚ್ಚು ಹುಳು ಬೀಳುತ್ತವೆ. ಸಂಜೆ 7ರಿಂದ 10ರವರೆಗೆ ಉರಿಸಿದರೆ ಸಾಕು. ರಾತ್ರಿಯಿಡೀ ಉರಿಸಿದರೆ ನಮಗೆ ನೆರವಾಗುವ ಹುಳುಗಳೂ ಸಾಯುತ್ತವೆ.

ಇದೇ ಕಿರಣ ಕಣ್ಣಿಗೆ ವೈರಿ. ಟ್ರಾಲಿ, ಕುಂಟೆ ದುರಸ್ತಿಗೆ ವೆಲ್ಡಿಂಗ್ ಅಂಗಡಿಗೆ ಹೋದಾಗ ಮಕ್ಕಳು ಕಿಡಿಯ ಸೊಗಸು ನೋಡುತ್ತ ನಿಲ್ಲುತ್ತಾರೆ, ದೊಡ್ಡವರೂ ಕಡಿಮೆಯಿಲ್ಲ. ಆಗ ನೋವೇನೂ ಇರುವುದಿಲ್ಲ. ಕೆಲವು ತಾಸಿನ ಮೇಲೆ, ಹೆಚ್ಚಾಗಿ ರಾತ್ರಿ, ಕಣ್ಣಿಗೆ ಮರಳು ಬಿದ್ದಂತೆ ಉರಿ, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು. ಕಣ್ಣಿನ ಮುಂಭಾಗದ ತೆಳುಪೊರೆ ಸುಟ್ಟಿರುವುದೇ ಇದಕ್ಕೆ ಕಾರಣ. ಸಾಮಾನ್ಯ ಕಪ್ಪು ಕನ್ನಡಕ ಇದನ್ನು ತಡೆಯಲಾರದು; ವೆಲ್ಡಿಂಗಿಗೆಂದೇ ಮಾಡಿದ ಮುಖವಾಡ ಬೇಕು. ಕೆಲಸ ಮಾಡಿಸುವವರು ದೂರದಲ್ಲಿ ಬೆನ್ನು ತಿರುಗಿಸಿ ನಿಲ್ಲಲಿ. ಉರಿ ಹತ್ತಿದರೆ ಕಣ್ಣುಜ್ಜಬಾರದು, ಎಲೆಯ ರಸ ಹಿಂಡಬಾರದು. ಬೆಳಗಾಗುತ್ತಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿರಿ.