ಪಿಕಪ್ ಬದಲಿಸೋ ಮೊದ್ಲು ಗಿಟಾರಿನ ಹೊಟ್ಟೆ ಬಿಚ್ಚಿ ನೋಡೋಣ

ತಂತಿ ಬದಲಿಸೋದರ ಬಗ್ಗೆ ಮಾತಾಡಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ವು. "ಸರ್, ಆಂಪ್ ಆನ್ ಮಾಡಿದ ಕೂಡ್ಲೇ ಗುಂಯ್ ಅಂತ ಸದ್ದು ಬರುತ್ತೆ. ಪಿಕಪ್ ಬದಲಿಸಿದ್ರೆ ಹೋಗುತ್ತಾ?" ಕೇಳಿದೋರೆಲ್ಲ ಪುಣೆ, ಹೈದರಾಬಾದ್, ಚೆನ್ನೈ ಕಡೆ ಬಾಡಿಗೆ ಮನೆಯಲ್ಲಿ ಇರೋರು. ಕಾಲೇಜಲ್ಲಿ ಕೊಂಡ ಗಿಟಾರು, ಕಂಪನಿ ಬದಲಾದ ಹಾಗೆಲ್ಲ ಊರಿಂದ ಊರಿಗೆ ಜೊತೆಗೇ ಬಂದಿರುತ್ತೆ. ಒಳ್ಳೆ ಪಿಕಪ್ ಸೆಟ್ಟಿಗೆ ಕೆಲವೊಮ್ಮೆ ಆ ಗಿಟಾರಿನ ಬೆಲೆಗಿಂತ ಹೆಚ್ಚು ಕೊಡಬೇಕಾಗುತ್ತೆ. ಹಾಗಾಗಿ ಕಾರ್ಡ್ ಉಜ್ಜೋಕೆ ಮುಂಚೆ, ತೊಂದರೆ ಪಿಕಪ್‌ದೋ ಬೇರೆಯದೋ ಅನ್ನೋದನ್ನ ಮೊದ್ಲು ಪತ್ತೆ ಹಚ್ಚೋಣ.

ಪಿಕಪ್ ಅಂದ್ರೆ ಮೈಕ್ ಅಲ್ಲ. ಅದು ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ, ಅಷ್ಟೇ. ಸ್ಟ್ರ್ಯಾಟೊಕಾಸ್ಟರ್ ಮಾದರಿಯ ಒಂದು ಪಿಕಪ್‌ನಲ್ಲಿ ಸುಮಾರು ಎಂಟು ಸಾವಿರ ಸುತ್ತು ಇರುತ್ತೆ. ತಂತಿ ದಪ್ಪ ಸುಮಾರು 0.06 ಮಿಲಿಮೀಟರ್, ತಲೆಗೂದಲಿನಷ್ಟು ಸಪೂರ. ಮೇಲೆ ಉಕ್ಕಿನ ತಂತಿ ನಡುಗಿದಾಗ ಅಯಸ್ಕಾಂತದ ಕ್ಷೇತ್ರವೂ ಅಲುಗಾಡುತ್ತೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತೆ. ಪಿಯುಸಿಯಲ್ಲಿ ಓದಿದ ಫ್ಯಾರಡೆ ನಿಯಮವೇ ಇದು. ಆದ್ರೆ ಸುರುಳಿಗೆ ತಂತಿ ಯಾವುದು, ಮನೆ ಕರೆಂಟು ಯಾವುದು ಅನ್ನೋ ಭೇದ ಇಲ್ಲ. ಪಕ್ಕದ ಟ್ರಾನ್ಸ್‌ಫಾರ್ಮರ್, ಫ್ಯಾನ್ ರೆಗ್ಯುಲೇಟರ್, ಮಾನಿಟರ್ ಎಲ್ಲದರಿಂದಲೂ ಅದು ಹೀರಿಕೊಳ್ಳುತ್ತೆ. ನಮ್ಮಲ್ಲಿ ಮನೆ ಕರೆಂಟು 50 ಹರ್ಟ್ಜ್. ಆ ಗುಂಯ್ ಸದ್ದು ಅದೂ, ಅದರ ಎರಡರಷ್ಟು ಮೂರರಷ್ಟು ಸ್ವರಗಳೂ ಸೇರಿದ್ದು. ಗಿಬ್ಸನ್ ಕಂಪನಿಯಲ್ಲಿ ಸೆತ್ ಲವರ್ ಅನ್ನೋರು 1955ರಲ್ಲಿ ಇದಕ್ಕೊಂದು ಪೇಟೆಂಟ್ ಅರ್ಜಿ ಹಾಕಿದ್ರು. ಎರಡು ಸುರುಳಿ ಅಕ್ಕಪಕ್ಕ ಇಟ್ಟು, ಒಂದರ ಅಯಸ್ಕಾಂತ ಧ್ರುವವನ್ನೂ ಸುತ್ತಿನ ದಿಕ್ಕನ್ನೂ ತಿರುಗಿಸಿದ್ರೆ ತಂತಿಯ ಸದ್ದು ಕೂಡುತ್ತೆ, ಹೊರಗಿನ ಗುಂಯ್ ಕಳೆದುಹೋಗುತ್ತೆ. ಹಂಬಕರ್ ಅಂತ ಹೆಸರು ಬಂದಿದ್ದೇ ಹಾಗೆ.

ಈಗ ಪತ್ತೆದಾರಿ. ಆಂಪ್ ಎದುರು ಕೂತು, ಗಿಟಾರ್ ಹಿಡಿದು ನಿಧಾನ ಒಂದು ಸುತ್ತು ತಿರುಗಿ. ದಿಕ್ಕು ಬದಲಾದ ಹಾಗೆ ಸದ್ದು ಏರಿಳಿದ್ರೆ ಅದು ಕಾಂತೀಯ ಗುಂಯ್. ಒಳಗೆ ತಾಮ್ರದ ಟೇಪ್ ಎಷ್ಟು ಹಚ್ಚಿದ್ರೂ ಅದು ಹೋಗಲ್ಲ, ಹಂಬಕರ್ ಬೇಕು ಇಲ್ಲಾ ಮಾನಿಟರಿಂದ ದೂರ ಕೂರಬೇಕು. ತಂತಿ ಮುಟ್ಟಿದಾಗ ಸದ್ದು ಕಮ್ಮಿಯಾದ್ರೆ ಗ್ರೌಂಡ್ ವೈರ್ ಸರಿ ಇದೆ, ಶೀಲ್ಡಿಂಗ್ ಸಾಲದು ಅಂತ ಅರ್ಥ. ಅಲ್ಲಿ ತಾಮ್ರದ ಟೇಪ್ ಕೆಲಸ ಮಾಡುತ್ತೆ. ತಂತಿ ಮುಟ್ಟಿದಾಗ ಸದ್ದು ಜಾಸ್ತಿಯಾದ್ರೆ ಜ್ಯಾಕಿನ ಎರಡು ವೈರು ಅದಲುಬದಲಾಗಿರೋ ಸಾಧ್ಯತೆಯೇ ಹೆಚ್ಚು. ಐದು ನಿಮಿಷದ ಸೋಲ್ಡರಿಂಗ್, ಖರ್ಚು ಸೊನ್ನೆ.

ನಮ್ಮ ಐಟಿ ಮಂದಿಗೆ ಒಂದು ವಿಶೇಷ ಪರೀಕ್ಷೆ ಇದೆ. ಆಂಪ್ ಬದಲು ಆಡಿಯೋ ಇಂಟರ್‌ಫೇಸ್ ಹಾಕಿ ಲ್ಯಾಪ್‌ಟಾಪಿಗೆ ನುಡಿಸೋರು ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನೋಡಿ. ಸದ್ದು ಮಾಯವಾದ್ರೆ ಪಿಕಪ್ ನಿರಪರಾಧಿ, ಚಾರ್ಜರ್‌ದೇ ಕಿತಾಪತಿ.

ಇಲ್ಲೊಂದು ಮಾತು ತಮಾಷೆ ಬಿಟ್ಟು ಹೇಳ್ಬೇಕು. ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ, ಆಂಪಿನ ಲೋಹದ ಚಾಸಿಗೆ ನೇರ ಸೇರಿರುತ್ತವೆ. ಅಂದ್ರೆ ಆಂಪಿನ ಅರ್ಥಿಂಗ್ ನಿಮ್ಮ ಬೆರಳಿನ ಅರ್ಥಿಂಗ್. ಬಾಡಿಗೆ ಮನೆಗಳಲ್ಲಿ ಸಾಕೆಟ್ಟಿನಲ್ಲಿ ಮೂರು ತೂತು ಇದ್ರೂ ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇಲ್ಲದಿರೋದು ಉಂಟು. ಕೆಲವರು ಗುಂಯ್ ಹೋಗ್ಲಿ ಅಂತ ತಾವೇ ಟೂ-ಪಿನ್ ಮಾಡಿ ಅರ್ಥ್ ತಪ್ಪಿಸ್ತಾರೆ. ದಯವಿಟ್ಟು ಬೇಡ. 1972ರಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ, ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆ ಮೇಲೆ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡ್ರು. ತಂತಿ ಮುಟ್ಟಿದಾಗ ಜುಂ ಅಂದ್ರೆ ನುಡಿಸೋದು ನಿಲ್ಸಿ, ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ನೋಡಿಸಿ. ಮನೆ ಓನರ್ ಗೊಣಗಿದ್ರೂ ಪರವಾಗಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ನಾದವೇ ಹಿಡಿಸ್ತಿಲ್ಲ, ಮಂಕಾಗಿದೆ, ಕೀರಲಾಗಿದೆ ಅನಿಸಿದ್ರೆ ಬಿಚ್ಚೋಣ. ಬಿಚ್ಚೋಕೆ ಮೊದ್ಲು ಸಾಮಾನು. ಸಿಂಗಲ್ ಕಾಯಿಲ್ ಪಿಕಪ್‌ಗೆ 250 ಕಿಲೋಓಮ್ ಪಾಟ್, ಹಂಬಕರ್‌ಗೆ 500 ಅನ್ನೋದು ವಾಡಿಕೆ. ಇದು ಬರೀ ಸಂಪ್ರದಾಯ ಅಲ್ಲ. ವಾಲ್ಯೂಮ್ ಪಾಟ್ ಯಾವಾಗಲೂ ಪಿಕಪ್‌ಗೆ ಸಮಾನಾಂತರವಾಗಿ ಕೂತಿರುತ್ತೆ. ಅದರ ಓಮ್ ಕಮ್ಮಿಯಾದಷ್ಟೂ ಪಿಕಪ್‌ನ ಚುರುಕು ಸ್ವರಗಳು ಸೋರಿಹೋಗ್ತವೆ. ಸಿಂಗಲ್ ಕಾಯಿಲ್ ಮೊದಲೇ ಚುರುಕು, ಅದಕ್ಕೆ 250 ಕಡಿವಾಣ. ಹಂಬಕರ್ ಸ್ವಭಾವತಃ ದಪ್ಪ ದನಿ, 250 ಹಾಕಿದ್ರೆ ಕಂಬಳಿ ಹೊದ್ದ ಹಾಗೆ ಕೇಳುತ್ತೆ. ಎಷ್ಟೋ ಸಲ "ಈ ಪಿಕಪ್ ಸರಿ ಇಲ್ಲ" ಅಂತ ಬೈಸಿಕೊಳ್ಳೋದು ಪಿಕಪ್, ತಪ್ಪು ಮಾತ್ರ ಪಾಟಿನದು. ಹಾಗಾಗಿ ಮೊದ್ಲು ಪಾಟ್ ಬದಲಿಸಿ ನೋಡಿ, ಆಮೇಲೆ ಪಿಕಪ್ ಅನ್ನೋದು ನನ್ನ ಸಲಹೆ.

ಟೋನ್ ಕೆಪಾಸಿಟರ್ 0.022 ಅಥವಾ 0.047 ಮೈಕ್ರೋಫ್ಯಾರಡ್, ಯಾವುದಾದ್ರೂ ಆಗುತ್ತೆ. ಟೋನ್ ಗುಬುಟು ಪೂರ್ತಿ ತಿರುಗಿಸಿ ಇಟ್ಟಿದ್ರೆ ಅದರ ಪ್ರಭಾವ ಹೆಚ್ಚೇನಿಲ್ಲ. "ವಿಂಟೇಜ್" ಎಣ್ಣೆ ಕೆಪಾಸಿಟರ್‌ಗೆ ಸಾವಿರಾರು ರೂಪಾಯಿ ಸುರಿಯೋದು ನನ್ನ ಮಟ್ಟಿಗೆ ದಂಡ.

ಮುಂಬೈನ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್, ದಿಲ್ಲಿಯ ಲಾಜ್‌ಪತ್ ರಾಯ್ ಮಾರ್ಕೆಟ್, ಊರಿಗೆ ಹೋದಾಗ ಬೆಂಗಳೂರಿನ ಎಸ್‌ಪಿ ರೋಡ್, ಇಲ್ಲೆಲ್ಲ ಪಾಟ್ ಸಿಗುತ್ತೆ. ಎರಡು ವಿಷಯ ನೋಡ್ಕೊಳ್ಳಿ. ಮೈಮೇಲೆ ಸಾಮಾನ್ಯವಾಗಿ ಎ ಇಲ್ಲಾ ಬಿ ಅಂತ ಬರೆದಿರುತ್ತೆ. ಎ ಅಂದ್ರೆ ಆಡಿಯೋ, ಬಿ ಅಂದ್ರೆ ಲೀನಿಯರ್. ವಾಲ್ಯೂಮಿಗೆ ಎ ತಗೊಳ್ಳಿ. ನಮ್ಮ ಕಿವಿ ಲಾಗರಿದಮ್ ಲೆಕ್ಕದಲ್ಲಿ ಕೇಳುತ್ತೆ, ಬಿ ಹಾಕಿದ್ರೆ ಹತ್ತರಿಂದ ಮೂರರವರೆಗೆ ಏನೂ ಆಗದೆ, ಆಮೇಲೆ ಧಡಕ್ಕನೆ ಬಿದ್ದ ಹಾಗೆ ಅನಿಸುತ್ತೆ. ಎರಡನೇದು ಅಳತೆ. ಅಮೆರಿಕದ ಸಿಟಿಎಸ್ ಪಾಟುಗಳ ಕುತ್ತಿಗೆ ಇಂಚಿನ ಲೆಕ್ಕ, ಏಷ್ಯಾದ ಅಗ್ಗದ ಗಿಟಾರುಗಳ ತೂತು ಅದಕ್ಕಿಂತ ಚಿಕ್ಕದು. ಹಳೆ ಪಾಟ್ ಜೇಬಲ್ಲಿ ಇಟ್ಕೊಂಡು ಅಂಗಡಿಗೆ ಹೋದ್ರೆ ಮನೆಗೆ ಬಂದು ಪಿಕ್‌ಗಾರ್ಡ್ ಕೊರೆಯೋ ಪ್ರಮೇಯ ಬರಲ್ಲ.

ತಂತಿ ಬಿಚ್ಚಿ, ಬಾಡಿ ಮೇಲೆ ಹಳೆ ಟವೆಲ್ ಹಾಸಿ, ಪಿಕ್‌ಗಾರ್ಡ್ ಸ್ಕ್ರೂ ತೆಗೀರಿ. ಎತ್ತುವಾಗ ಜಗ್ಗಬೇಡಿ. ಜ್ಯಾಕಿಗೆ ಎರಡು ವೈರು, ಹಿಂದಿನ ಸ್ಪ್ರಿಂಗ್ ಹಿಡಿಯೋ ಕೊಕ್ಕೆಗೆ ಒಂದು ಗ್ರೌಂಡ್ ವೈರು ಇನ್ನೂ ಅಂಟಿಕೊಂಡಿರುತ್ತವೆ. ಒಂದು ವೈರನ್ನೂ ಕತ್ತರಿಸೋ ಮೊದ್ಲು ನಾಲ್ಕು ಕೋನದಿಂದ ಫೋಟೋ ತೆಗೀರಿ. ಬ್ಯಾಕಪ್ ಇಲ್ಲದೆ ಪ್ರೊಡಕ್ಷನ್ ಮುಟ್ಟದವರು ಇಲ್ಲೂ ಅದೇ ಶಿಸ್ತು ಪಾಲಿಸಿ. ಇನ್ನೊಂದು ಅಪಾಯ ಸ್ಕ್ರೂಡ್ರೈವರ್‌ದು. ಪಿಕಪ್ ಹತ್ತಿರ ಬಂದ್ರೆ ಅಯಸ್ಕಾಂತ ಅದನ್ನ ಫಟ್ ಅಂತ ಎಳ್ಕೊಳ್ಳುತ್ತೆ. ಆ ಕೂದಲೆಳೆ ತಂತಿಗೆ ತಾಗಿ ಒಂದು ಕಡೆ ತುಂಡಾದ್ರೆ ಪಿಕಪ್ ಮುಗೀತು.

ಸೋಲ್ಡರಿಂಗ್‌ನಲ್ಲಿ ಎಲ್ಲರೂ ಒದ್ದಾಡೋದು ಪಾಟಿನ ಬೆನ್ನ ಮೇಲೆ. ಗ್ರೌಂಡ್ ವೈರುಗಳೆಲ್ಲ ಅಲ್ಲಿಗೇ ಬರೋದು. ಅಗಲ ಲೋಹ, ಬಿಸಿ ಎಲ್ಲ ಹೀರಿಬಿಡುತ್ತೆ. 25 ವ್ಯಾಟಿನ ಸಣ್ಣ ಐರನ್ ಅಲ್ಲಿ ಸಾಲದು. ಜನ ಅರ್ಧ ನಿಮಿಷ ಒತ್ತಿ ಹಿಡೀತಾರೆ, ಒಳಗಿನ ಪಟ್ಟಿ ಸುಡುತ್ತೆ. ಸ್ಯಾಂಡ್‌ಪೇಪರ್‌ನಲ್ಲಿ ಬೆನ್ನು ಉಜ್ಜಿ, ಸ್ವಲ್ಪ ರೋಸಿನ್ ಫ್ಲಕ್ಸ್ ಹಚ್ಚಿ, 50-60 ವ್ಯಾಟಿನ ಚಪ್ಪಟೆ ಮೂತಿಯ ಐರನ್ ಇಟ್ರೆ ಮೂರ್ನಾಲ್ಕು ಸೆಕೆಂಡಲ್ಲಿ ಸೀಸ ನೀರಿನ ಹಾಗೆ ಹರಡುತ್ತೆ. ಉಂಡೆ ಕಟ್ಟಿ ಮಂಕಾಗಿ ಕೂತ್ರೆ ಅದು ಹಿಡಿದಿಲ್ಲ, ಮತ್ತೆ ಬಿಸಿ ಮಾಡಿ. 60/40 ತಂತಿಯಲ್ಲಿ ಸೀಸ ಇರುತ್ತೆ, ಹಾಗಾಗಿ ಊಟದ ಮೇಜಿನ ಮೇಲೆ ಬೇಡ. ಕಿಟಕಿ ತೆಗೆದಿಡಿ, ಮುಗಿದ ಮೇಲೆ ಕೈ ತೊಳ್ಕೊಳ್ಳಿ.

ನಾಲ್ಕು ವೈರಿನ ಹಂಬಕರ್ ಹಾಕೋರಿಗೆ ಒಂದು ಬಲೆ ಇದೆ. ಬಣ್ಣದ ಅರ್ಥ ಕಂಪನಿಗೆ ಕಂಪನಿ ಬೇರೆ. ಸೆಮೋರ್ ಡಂಕನ್‌ನಲ್ಲಿ ಕಪ್ಪು ವೈರು ಸಿಗ್ನಲ್, ಕೆಂಪು ಬಿಳಿ ಜೋಡಿಸಿ ಟೇಪ್ ಸುತ್ತಬೇಕು. ಡಿಮಾರ್ಜಿಯೋದಲ್ಲಿ ಕೆಂಪು ಸಿಗ್ನಲ್, ಕಪ್ಪು ಬಿಳಿ ಜೋಡಿ. ಎರಡರಲ್ಲೂ ಹಸಿರು ಮತ್ತು ಬೋಳು ವೈರು ಗ್ರೌಂಡಿಗೆ. ಒಂದರ ಚಿತ್ರ ನೋಡ್ಕೊಂಡು ಇನ್ನೊಂದು ಹಾಕಿದ್ರೆ ಒಂದೇ ಸುರುಳಿ ಕೆಲಸ ಮಾಡಬಹುದು, ಇಲ್ಲಾ ಸದ್ದೇ ಬರದಿರಬಹುದು.

ಮುಚ್ಚೋ ಮೊದ್ಲು ಪರೀಕ್ಷೆ. ಗಿಟಾರಿಗೆ ಕೇಬಲ್ ಹಾಕಿ, ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಡಿ, ವಾಲ್ಯೂಮ್ ಪೂರ್ತಿ. ಪಿಕಪ್ 6 ಕಿಲೋಓಮ್, ಪಾಟ್ 250 ಆಗಿದ್ರೆ ಒಂದು ಪಿಕಪ್‌ಗೆ ಸುಮಾರು 5.86 ತೋರಿಸಬೇಕು. ಎರಡು ಪಿಕಪ್ ಜೋಡಿಯಾಗೋ ಸ್ವಿಚ್ ಜಾಗದಲ್ಲಿ ಸುಮಾರು 2.96. 250ರ ಹತ್ತಿರ ತೋರಿಸಿದ್ರೆ ಪಿಕಪ್ ಸೇರಿಲ್ಲ, ಬರೀ ಪಾಟ್ ಓದ್ತಿದೆ. ಸೊನ್ನೆ ಬಂದ್ರೆ ಸಿಗ್ನಲ್ ವೈರು ಎಲ್ಲೋ ಗ್ರೌಂಡಿಗೆ ತಾಗಿದೆ, ಹೆಚ್ಚಾಗಿ ತಾಮ್ರದ ಟೇಪಿಗೆ. ಏನೂ ಬರದಿದ್ರೆ ಜ್ಯಾಕ್ ನೋಡಿ. ಆಮೇಲೆ ಆಂಪ್ ಸಣ್ಣಗೆ ಇಟ್ಟು, ಒಂದೊಂದೇ ಪಿಕಪ್ ಕಂಬವನ್ನ ಮೆಲ್ಲಗೆ ಸ್ಕ್ರೂಡ್ರೈವರ್‌ನಿಂದ ತಟ್ಟಿ, ಸ್ವಿಚ್ ಹೇಳಿದ ಪಿಕಪ್ಪೇ ಟಕ್ ಅನ್ನುತ್ತಾ ಅಂತ ಕೇಳಿ. ತಂತಿ ಹಾಕಿದ ಮೇಲೆ, ಎರಡು ಪಿಕಪ್ ಒಟ್ಟಿಗೆ ಇರೋ ಜಾಗದಲ್ಲಿ ಬೇಸ್ ಪೂರ್ತಿ ಹೋಗಿ, ಮೂಗಿನಲ್ಲಿ ಮಾತಾಡಿದ ಹಾಗೆ ಸಣ್ಣ ದನಿ ಬಂದ್ರೆ ಎರಡೂ ಎದುರುಬದುರು ಆಗಿವೆ. ಒಂದರ ಎರಡು ವೈರು ಅದಲುಬದಲು ಮಾಡಿ. ಅದಕ್ಕೆ ಲೋಹದ ಮುಚ್ಚಳ ಇದ್ರೆ ಮಾತ್ರ, ಮುಚ್ಚಳದ ಗ್ರೌಂಡನ್ನ ಮೊದ್ಲು ಬೇರ್ಪಡಿಸಬೇಕು.

ಕೊನೆಗೆ ಉಳಿಯೋದು ಎತ್ತರ. ಕೊನೆ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು ಅಳೆದಾಗ, ಸ್ಟ್ರ್ಯಾಟ್ ಮಾದರಿಗೆ ದಪ್ಪ ತಂತಿ ಕಡೆ 2 ಮಿಲಿಮೀಟರ್, ಸಣ್ಣ ತಂತಿ ಕಡೆ 1.6 ಅಂತ ಶುರು ಮಾಡಿ. ತೀರಾ ಹತ್ತಿರ ತಂದ್ರೆ ಅಯಸ್ಕಾಂತ ತಂತಿಯನ್ನೇ ಎಳೆದು, ಟ್ಯೂನ್ ಮಾಡಿದ್ರೂ ಬೇಸುರ ಅನ್ನಿಸುತ್ತೆ. ಎರಡು ವಾರ ನುಡಿಸ್ತಾ ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ಮಾಡಿ ಕೇಳಿ. ಅಲ್ಲಿವರೆಗೆ ಹಳೆ ಪಿಕಪ್ ಮಾರಬೇಡಿ, ಸ್ಕ್ರೂ ಸ್ಪ್ರಿಂಗ್ ಸಮೇತ ಒಂದು ಕವರಲ್ಲಿ ಹಾಕಿ ಹೆಸರು ಬರೆದಿಡಿ.